ಲಾರಿಯ ಪಾಟಾ ಇಳಿಸಿದ ಬೇಸಗೆ

ಹೋದ ಚಳಿಗಾಲದಲ್ಲಿ ತಂಗಿಯ ಮೊಮ್ಮಗಳ ಮದುವೆಗೆಂದು ದಾಂಡೇಲಿಗೆ ಹೋಗಿದ್ದೆ. ಮಂಟಪದ ಎದುರಿಗೆ, ಪ್ರವಾಸಿಗಳನ್ನು ಕಾಡಿನೊಳಗೆ ಸುತ್ತಾಡಿಸುವ ತೆರೆದ ಜೀಪೊಂದು ನಿಂತಿತ್ತು. ಅದರ ಡ್ರೈವರು ಕೆಳಗೆ ಅಂಗಾತ ಮಲಗಿ, ಗಾಲಿಯ ಹಿಂದಿನ ಕಬ್ಬಿಣದ ಪಟ್ಟಿಗಳ ನಡುವೆ ಚಿಮಣಿ ಎಣ್ಣೆ ಬಿಡುತ್ತಿದ್ದ. ಎಣ್ಣೆ, ಕರಕಾದ ಗ್ರೀಸು, ಕಾಡಿನ ಕೆಂಪು ಮಣ್ಣು ಮೂರೂ ಕಲೆತ ಆ ವಾಸನೆ ಬಂದದ್ದೇ ತಡ, ಕೈಯಲ್ಲಿದ್ದ ಚಹಾ ಕುಡಿಯಲಾಗದೆ ಕಟ್ಟೆಯ ಮೇಲಿಟ್ಟೆ.

"ಭಾಳ ಕುಲಕ್ತೈತೇನಪಾ ಗಾಡಿ?" ಎಂದು ಕೇಳಿದೆ.

"ಕುಲಕಬೇಕ್ರಿ ಅಜ್ಜಾ. ಕುಲಕಲಿಲ್ಲಂದ್ರ ಬಂದ ಮಂದಿಗೆ ಮಜಾ ಬರೂದಿಲ್ಲ," ಎಂದು ಅವನು ಕೆಳಗಿನಿಂದಲೇ ಹೇಳಿದ.

ನಾನು ಒಳಗೆ ಹೋಗಿ ಕುಳಿತೆ. ಅಕ್ಷತೆ ಬಿದ್ದಾಗಲೂ ನನ್ನ ಮನಸ್ಸು ಆ ಮಂಟಪದಲ್ಲಿರಲಿಲ್ಲ. ಬಿದಿರು ಹೂ ಬಿಟ್ಟ ಆ ಬೇಸಗೆಯಲ್ಲಿತ್ತು.

ಆಗ ಕನ್ನಡ ನಾಡು ಒಂದಾಗಿ ಎರಡೋ ಮೂರೋ ವರ್ಷವಾಗಿತ್ತು. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಶುರುವಾಗಿ ಧಾರವಾಡ, ಬೆಳಗಾವಿ ಕಡೆಯ ಮಂದಿಯೆಲ್ಲ ಅತ್ತ ಹರಿದಿದ್ದರು. ಹುಬ್ಬಳ್ಳಿಯಲ್ಲಿ ಹತ್ತಿಯ ಲಾರಿ ಹೊಡೆಯುತ್ತಿದ್ದ ನಾನೂ ಹೋದೆ. ಕಾರ್ಖಾನೆಗೆ ಬಿದಿರು ಪೂರೈಸುವ ಹಳಿಯಾಳದ ಗುತ್ತಿಗೆದಾರರೊಬ್ಬರ ಹತ್ತಿರ ಕೆಲಸ ಸಿಕ್ಕಿತು. ಅವರನ್ನು ನಾವು ಮಾಲಕರು ಅಂತಲೇ ಕರೆಯುತ್ತಿದ್ದೆವು. ಕೆಟ್ಟ ಮನುಷ್ಯರಲ್ಲ. ನಮ್ಮ ಜೊತೆಗೇ ಗುಡಿಸಲಲ್ಲಿ ಮಲಗುತ್ತಿದ್ದರು, ನಮ್ಮ ರೊಟ್ಟಿಯನ್ನೇ ತಿನ್ನುತ್ತಿದ್ದರು. ಆದರೆ ಅವಸರದ ಮನುಷ್ಯರು. ಮೋಡ ನೋಡಿದರೆ ಅವರ ಮುಖ ಕಪ್ಪಾಗುತ್ತಿತ್ತು.

ಅವರ ಹತ್ತಿರ ಎರಡು ಲಾರಿ ಇದ್ದವು. ಒಂದು ಸಾದಾ ಲಾರಿ. ಸೂಪಾದ ಡಿಪೋದಿಂದ ಕಾರ್ಖಾನೆಗೆ ಒಳ್ಳೆಯ ರಸ್ತೆಯಲ್ಲಿ ಓಡುವಂಥದು. ಅದನ್ನು ತೇರಗಾಂವದ ತುಕಾರಾಮ ಹೊಡೆಯುತ್ತಿದ್ದ. ಇನ್ನೊಂದು ಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಮಿಲಿಟರಿ ಲಾರಿ. ನಾಲ್ಕೂ ಗಾಲಿ ಎಳೆಯುವ ಗಾಡಿ. ಕುಂಬಾರವಾಡದ ಆಚೆ, ರಸ್ತೆಯೇ ಇಲ್ಲದ ಕಡೆ ಹತ್ತಿ, ಕಡಿದ ಬಿದಿರನ್ನು ಡಿಪೋಕ್ಕೆ ಇಳಿಸಲು ಅದೊಂದರಿಂದಲೇ ಸಾಧ್ಯವಿತ್ತು. ಅದು ನನ್ನ ಪಾಲಿಗೆ ಬಂತು. ಕೂಲಿಯವರು ಅದಕ್ಕೆ ಎಲಬುಮುರಕ ಅಂತ ಹೆಸರಿಟ್ಟಿದ್ದರು.

ಹೆಸರು ಸುಳ್ಳಲ್ಲ. ಕಲ್ಲು ಬಂದರೆ ಕಲ್ಲು, ಬೇರು ಬಂದರೆ ಬೇರು, ಎಲ್ಲವೂ ನೇರ ಬೆನ್ನಿಗೇ ಬಂದು ಬಡಿಯುತ್ತಿದ್ದವು. ಸ್ಟೇರಿಂಗ್ ಹಿಡಿಯುವಾಗ ಹೆಬ್ಬೆರಳನ್ನು ಒಳಗೆ ಸುತ್ತುವ ಹಾಗಿರಲಿಲ್ಲ. ಗಾಲಿ ಕಲ್ಲಿಗೆ ಬಡಿದರೆ ಸ್ಟೇರಿಂಗ್ ಗರ್ರನೆ ತಿರುಗಿ ಬೆರಳು ಮುರಿಯುತ್ತಿತ್ತು. ನನಗಿಂತ ಮೊದಲಿದ್ದ ಡ್ರೈವರು ಮೂತ್ರದಲ್ಲಿ ರಕ್ತ ಬರುತ್ತದೆಂದು ಊರಿಗೆ ಹೋದವನು ಮರಳಿ ಬರಲಿಲ್ಲ. ಭಾರ ಇದ್ದಾಗ ಪರವಾಗಿಲ್ಲ. ಖಾಲಿ ಹೋಗುವಾಗ ಹಿಂದೆ ಕುಳಿತ ಕೂಲಿಯವರು ಕಾಳಿನಂತೆ ಪುಟಿಯುತ್ತಿದ್ದರು. ಹೆಂಗಸರು ಮಗ್ಗುಲ ಹಲಗೆಯನ್ನು ಎರಡೂ ಕೈಯಿಂದ ತಬ್ಬಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಆ ವರ್ಷ ಹೋಳಿಗಿಂತ ಮೊದಲೇ ಬಿದಿರು ಹೂ ಬಿಟ್ಟಿತು. ಒಂದೆರಡು ಮೆಳೆ ಅಲ್ಲ, ಗುಡ್ಡಕ್ಕೆ ಗುಡ್ಡವೇ. ಎಲೆಯೆಲ್ಲ ಉದುರಿ, ಗಣ್ಣು ಗಣ್ಣಿಗೂ ಜೊಳ್ಳು ಭತ್ತದಂಥ ಗೊಂಚಲು ಬಂದು, ಹಸಿರು ಕಾಡು ಬೂದಿಯ ಬಣ್ಣಕ್ಕೆ ತಿರುಗಿತು. ಹೂ ಬಿಟ್ಟ ಬಿದಿರು ಅಲ್ಲೇ ಸಾಯುತ್ತದೆ. ಅಕ್ಕಿ ಉದುರಿತು, ಅಕ್ಕಿಯ ಹಿಂದೆ ಇಲಿ ಬಂದವು. ಹಗಲಿನಲ್ಲೇ ಕಾಲಡಿಗೆ ಹರಿದಾಡುವಷ್ಟು ಇಲಿ. ಕೂಲಿಯವರ ಗುಂಪಿನಲ್ಲಿದ್ದ ಮುದುಕರು ಬಿದಿರಕ್ಕಿ ಬೇಯಿಸಿ ಉಣ್ಣುತ್ತಲೇ, "ಬಿದರು ಹೂ ಬಿಟ್ಟ ವರ್ಷ ಛಲೋ ಅಲ್ಲ. ಒಂದಿಲ್ಲೊಂದು ಒಯ್ದs ಹೋಗತೈತಿ," ಎನ್ನುತ್ತಿದ್ದರು. ಮಾಲಕರ ಚಿಂತೆಯೇ ಬೇರೆ. ಸತ್ತ ಬಿದಿರು ಮಳೆಗೆ ನೆನೆದರೆ ಕೊಳೆಯುತ್ತದೆ, ಕಿಡಿ ಬಿದ್ದರೆ ಉರಿದುಹೋಗುತ್ತದೆ. ಜೂನ್ ಶುರುವಿಗೆ ಹಿಡಿಯುವ ಮಿರಗದ ಮಳೆಗಿಂತ ಮೊದಲು ಅಷ್ಟನ್ನೂ ಇಳಿಸಬೇಕಿತ್ತು.

ಯಲ್ಲಪ್ಪ ಸತ್ತದ್ದು ಹೋಳಿಯಾದ ಸ್ವಲ್ಪ ದಿನಕ್ಕೆ. ಮುಂಡಗೋಡದ ಕಡೆಯವನು, ಗಟ್ಟಿ ಆಳು. ಹೆಂಡತಿ ನೀಲವ್ವನೂ ಜೊತೆಗಿದ್ದಳು. ಅವಳು ಬಸುರಿ. ಮೆಳೆಯೊಳಗೆ ಒಂದಕ್ಕೊಂದು ಸಿಕ್ಕಿಕೊಂಡ ಗಳಗಳನ್ನು ಕಡಿಯುವಾಗ ಬಾಗಿ ನಿಂತ ಗಳವೊಂದು ಸಿಡಿದು, ಅದರ ಸೀಳು ತುದಿ ಅವನ ಹೊಟ್ಟೆಗೆ ನೆಟ್ಟಿತು. ಬಟ್ಟೆ ಸುತ್ತಿ ಲಾರಿಯ ಹಿಂದೆ ಹುಲ್ಲಿನ ಮೇಲೆ ಮಲಗಿಸಿದೆವು. ನೀಲವ್ವ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ದಾಂಡೇಲಿಯ ಆಸ್ಪತ್ರೆ ಮುಟ್ಟಬೇಕು, ಬೇರೆ ದಾರಿ ಇರಲಿಲ್ಲ.

ಎಷ್ಟು ನಿಧಾನ ಹೊಡೆದರೂ ಅದು ಎಲಬುಮುರಕವೇ. ಪ್ರತಿ ಕಲ್ಲಿಗೂ ಹಿಂದಿನಿಂದ ಒಂದು ದನಿ ಕೇಳುತ್ತಿತ್ತು. ನಾನು ಇನ್ನೂ ನಿಧಾನ ಮಾಡಿದೆ. ಆಗ ಪಕ್ಕದಲ್ಲಿ ಕುಳಿತಿದ್ದ ಮಾಲಕರು, "ಹಿಂಗ ಹೋದ್ರ ಮುಟ್ಟೂದಿಲ್ಲೋ," ಎಂದರು. ಜೋರು ಮಾಡಿದೆ. ಯಲ್ಲಪ್ಪನ ದನಿ ಸ್ಪಷ್ಟವಾಗಿ ಕೇಳಿಸಿತು: "ನನ್ನ ಇಳಸ್ರಿ. ಕೈ ಮುಗಿತೇನಿ, ಇಲ್ಲೇ ಇಳಸ್ರಿ. ನಾ ಇಲ್ಲೇ ಇರ್ತೇನಿ." ಸೂಪಾ ಇನ್ನೂ ಮುಂದಿರುವಾಗಲೇ ಆ ದನಿ ನಿಂತಿತು. ನೀಲವ್ವ ಅಳಲಿಲ್ಲ. ಲಾರಿ ನಿಲ್ಲಿಸಿ ಹಿಂದೆ ಹೋದಾಗ ಅವಳು ನನ್ನನ್ನು ನೋಡಿ, "ಇನ್ನ ಸಾವಕಾಶ ಹೋಗಣ್ಣಾ," ಎಂದಳು.

ಊರಿಗೆ ಹೋಗಿ ದಿನಕರ್ಮ ಮುಗಿಸಿಕೊಂಡು ಅವಳು ಮತ್ತೆ ಬಂದಳು. ಊರಲ್ಲಿ ಯಾರೂ ಇರಲಿಲ್ಲ. ಅವಳ ಅಣ್ಣ ಇದೇ ಗುಂಪಿನಲ್ಲಿದ್ದ. ಬಂದವಳು ನಮ್ಮ ಗುಡಿಸಲುಗಳಿದ್ದ ಕುಂಬಾರವಾಡದಿಂದ ಕಾಡಿಗೆ ಎಲ್ಲರ ಜೊತೆ ಲಾರಿ ಹತ್ತಲಿಲ್ಲ. ನಸುಕಿನಲ್ಲಿ ಎದ್ದು ನಡೆದೇ ಹೋಗುತ್ತಿದ್ದಳು. ನಾವು ಲಾರಿಯಲ್ಲಿ ಅವಳನ್ನು ದಾಟಿ ಹೋಗುವಾಗ ಬದಿಗೆ ಸರಿದು ನಿಲ್ಲುತ್ತಿದ್ದಳು, ಲಾರಿಯ ಕಡೆ ನೋಡುತ್ತಿರಲಿಲ್ಲ.

ಇದನ್ನು ಸರಿಮಾಡದೆ ಇನ್ನು ಈ ಗಾಡಿ ಹೊಡೆಯಲಾರೆ ಅನ್ನಿಸಿತು. ಮೊದಲು ನನಗೆ ತಿಳಿದದ್ದನ್ನು ಮಾಡಿದೆ. ಟಾಯರಿನ ಗಾಳಿ ಇಳಿಸಿದೆ. ಸ್ವಲ್ಪ ಮೆತ್ತಗಾಯಿತು, ಆದರೆ ಬಿದಿರಿನ ಚೂಪು ಬುಡಗಳು ಮೆತ್ತಗಿನ ಟಾಯರನ್ನು ಸೀಳಿದವು. ಖಾಲಿ ಹೋಗುವಾಗ ಹಿಂದೆ ಉಸುಕಿನ ಚೀಲ ಹಾಕಿದೆ. ಏರಿನಲ್ಲಿ ಇಂಜಿನ್ ಕಾದು ನಿಂತಿತು. ಕೊನೆಗೆ ಮಾಲಕರ ಮುಂದೆ ಹೋಗಿ, "ಹಳಿಯಾಳಕ್ಕ ಒಯ್ದು ಪಾಟಾ ಬಿಚ್ಚಿಸಬೇಕ್ರಿ," ಎಂದೆ. ಪಾಟಾ ಅಂದರೆ ಲಾರಿಯ ಭಾರವನ್ನು ಗಾಲಿಯ ಮೇಲೆ ಹೊತ್ತು ನಿಲ್ಲುವ, ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು. ಗಾಡಿ ಮೆತ್ತಗಿರುವುದೂ ಬಿರುಸಾಗಿರುವುದೂ ಅವುಗಳಿಂದಲೇ. ಕೆಲಸ ನಿಲ್ಲುತ್ತದೆಂದು ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ತಲೆ ತಗ್ಗಿಸಿಕೊಂಡು, "ಒಯ್ಯಿ. ಆ ಹುಡುಗನ ದನಿ ನನಗೂ ಇನ್ನಾ ಕೇಳತೈತಿ," ಎಂದರು.

ಹಳಿಯಾಳದಲ್ಲಿ ಖಾಸೀಮಸಾಬ ಎಂಬ ಮೇಸ್ತ್ರಿ ಇದ್ದ. ಹುಣಸೆ ಮರದ ನೆರಳೇ ಅವನ ಗ್ಯಾರೇಜು. ಮಾತು ಬಹಳ, ಕೈಯೂ ಅಷ್ಟೇ ಚುರುಕು. ಲಾರಿಯ ಕೆಳಗೆ ನುಸುಳಿದವನು ನಗುತ್ತ ಹೊರಗೆ ಬಂದ.

"ಅರೇ ಫಕೀರಪ್ಪಾ, ಇದು ಪಾಟಾ ಅಲ್ಲೋ, ರೈಲ್ವೆ ಹಳಿ. ಯಾವನೋ ಭಾರ ಜಾಸ್ತಿ ಹೇರಾಕಂತ ಮ್ಯಾಲೆ ಎರಡೆರಡು ಪಾಟಾ ಸೇರಿಸ್ಯಾನ. ಆಮ್ಯಾಲೆ ಜಂಗು ಹಿಡದು ಎಲ್ಲಾ ಒಂದಕ್ಕೊಂದು ಕಚ್ಚಿಕೊಂಡಾವು. ಬಾಗೂದs ಇಲ್ಲ, ಮತ್ತ ಬಡೀದ ಏನು ಮಾಡತೈತಿ?"

ಜಾಕು ಕೊಟ್ಟು, ಮರದ ದಿಮ್ಮಿ ಇಟ್ಟು ಗಾಡಿ ಎತ್ತಿದೆವು. ಬೋಲ್ಟುಗಳು ಬಿಚ್ಚಲೊಲ್ಲದೆ ಉಳಿಯಿಂದ ಕಡಿಯಬೇಕಾಯಿತು. ಒಂದೊಂದು ಪಾಟಾವನ್ನೂ ಬೇರೆ ಮಾಡಿ, ಉಸುಕಿನಿಂದ ತುಕ್ಕು ತಿಕ್ಕಿ, ಚಿಮಣಿ ಎಣ್ಣೆಯಲ್ಲಿ ತೊಳೆದು, ಗ್ರೀಸು ಸವರಿ ಮತ್ತೆ ಜೋಡಿಸಿದೆವು. ಹೆಚ್ಚಿಗೆ ಸೇರಿಸಿದ್ದ ಪಾಟಾಗಳನ್ನು ಖಾಸೀಮಸಾಬ ಇಳಿಸಿ ಮರದ ಬುಡಕ್ಕೆ ಒರಗಿಸಿದ. ಪಾಟಾ ಅಲುಗಾಡುವ ಕೊನೆಗಳಿಗೆ ಹೊಸ ಹಿತ್ತಾಳೆಯ ಬುಶ್ಶು ಹಾಕಿದ. ಅಷ್ಟೂ ದಿನ ನನ್ನ ಮೈಯೆಲ್ಲ ಅದೇ ಎಣ್ಣೆ, ಅದೇ ಗ್ರೀಸು.

ಹೊರಡುವಾಗ ಖಾಸೀಮಸಾಬ ಬಾಗಿಲಿಗೆ ಕೈಯಿಟ್ಟು ನಿಂತ. ನಗು ಇರಲಿಲ್ಲ. "ಒಂದು ಮಾತು ನೆನಪಿಟ್ಟುಕೋ. ಇಷ್ಟು ದಿನಾ ಗಾಡಿ ಬಡೀತಿತ್ತು, ಇನ್ನ ತೂಗತೈತಿ. ಬಡಿಯೂದು ಮೈಗೆ ಗೊತ್ತಾಗತೈತಿ, ತೂಗೂದು ಗೊತ್ತಾಗೂದಿಲ್ಲ. ಸಾಮಾನು ಎತ್ತರ ಹೇರಬ್ಯಾಡ."

ಮರಳಿ ಕುಂಬಾರವಾಡಕ್ಕೆ ಬಂದ ದಿನ ಜಾತ್ರೆಯಂತಿತ್ತು. ಕೂಲಿಯವರೆಲ್ಲ ಹತ್ತಿ ಕುಳಿತರು. ಅದೇ ಕಲ್ಲು, ಅದೇ ಬೇರು, ಆದರೆ ಲಾರಿ ಅವುಗಳ ಮೇಲೆ ದೋಣಿಯಂತೆ ಏರಿ ಇಳಿಯಿತು. ಹಿಂದಿನಿಂದ ಹೆಂಗಸರ ನಗು ಕೇಳಿದ್ದು ಆ ಬೇಸಗೆಯಲ್ಲಿ ಅದೇ ಮೊದಲು. ತುಕಾರಾಮ ಆ ದಿನ ನನ್ನ ಪಕ್ಕಕ್ಕೆ ಕುಳಿತಿದ್ದ. ಅವನೂ ನಾನೂ ಒಂದೇ ಗುಡಿಸಲಲ್ಲಿ ಇರುತ್ತಿದ್ದೆವು. ನಾನು ರೊಟ್ಟಿ ಬಡಿದರೆ ಅವನು ಪಲ್ಯ ಮಾಡುತ್ತಿದ್ದ. ಸದಾ ಏನಾದರೂ ಗುನುಗುವ, ಯಾರ ಮೇಲೂ ಸಿಟ್ಟಾಗದ ಮನುಷ್ಯ. ಗೆಳೆಯ ಅನ್ನುವುದಕ್ಕೆ ನನ್ನನ್ನು ಗಡ್ಯಾ ಅನ್ನುತ್ತಿದ್ದ.

"ಗಡ್ಯಾ, ನನ್ನ ಗಾಡಿ ನಿನಗ ಕೊಡ್ತೇನಿ, ಇದನ್ನ ನನಗ ಕೊಡು," ಎಂದ.

"ಹೋದ ತಿಂಗಳ ಯಾಕ ಕೇಳಲಿಲ್ಲ?"

"ಹೋದ ತಿಂಗಳ ನನಗ ಬೆನ್ನು ಬೇಕಾಗಿತ್ತು," ಎಂದು ನಕ್ಕ.

ಆ ಸಂಜೆ ನೀಲವ್ವನ ಹತ್ತಿರ ಹೋಗಿ, "ತಂಗೀ, ಗಾಡಿ ಮೆತ್ತಗಾಗೈತಿ. ನಾಳಿಂದ ಹತ್ತು. ಈ ಹೊಟ್ಟಿ ಹೊತ್ತುಗೊಂಡು ಎಷ್ಟಂತ ನಡೀತೀ?" ಎಂದೆ. ಅವಳು ಒಲೆಯ ಬೂದಿ ಕೆದರುತ್ತ, "ಗಾಡಿ ಮೆತ್ತಗ ಆಗಿರಬಹುದಣ್ಣಾ. ದಾರಿ ಅದs ಐತೆಲ್ಲಾ," ಎಂದಳು.

ಮೊದಲ ಕೆಲವು ದಿನ ಎಲ್ಲವೂ ಸರಿ ಇತ್ತು. ಆಮೇಲೆ ನನಗೇ ಒಂದು ವಿಷಯ ತಿಳಿಯತೊಡಗಿತು. ಮೊದಲು ಆ ದಾರಿಯಲ್ಲಿ ಯಾರೂ ಜೋರು ಹೊಡೆಯುತ್ತಿರಲಿಲ್ಲ, ಹೊಡೆಯಲು ಮೈ ಬಿಡುತ್ತಿರಲಿಲ್ಲ. ಈಗ ಕಾಲು ತಾನಾಗಿಯೇ ಒತ್ತುತ್ತಿತ್ತು. ಕಾಡಿನಿಂದ ಡಿಪೋಕ್ಕೆ ದಿನಕ್ಕೆ ಒಂದು ಖೇಪು ಹೆಚ್ಚಾಯಿತು. ಮಾಲಕರಿಗೆ ಖುಷಿ. ಸತ್ತು ಒಣಗಿದ ಬಿದಿರು ಹಸಿಯದಕ್ಕಿಂತ ಹಗುರ, ಅದಕ್ಕೇ ಎತ್ತರ ಹೇರತೊಡಗಿದರು. ಹಲಗೆಯ ಮೇಲೆ ಗೂಟ ಕಟ್ಟಿ, ಗೂಟದ ಮೇಲೂ ಇನ್ನಷ್ಟು. ಪಾಟಾಗಳು ಆ ಭಾರ ಹೊತ್ತವು. ಆದರೆ ತಿರುವಿನಲ್ಲಿ ಗಾಡಿ ಹೊರಗಡೆಗೆ ವಾಲಿ, ನೆಟ್ಟಗಾಗುವ ಮೊದಲು ಒಂದು ಗಳಿಗೆ ಅಲ್ಲೇ ನಿಲ್ಲುತ್ತಿತ್ತು. ಬರಬೇಕೋ ಬೇಡವೋ ಎಂದು ವಿಚಾರ ಮಾಡುವವರ ಹಾಗೆ.

ಮಾಲಕರಿಗೆ ಹೇಳಿದೆ. ಎತ್ತರ ಇಳಿಸಿದರು. ಮುಂಗಾರಿಗೆ ಮೊದಲಿನ ಅಡ್ಡಮಳೆ ಶುರುವಾಗುತ್ತಲೇ ಮತ್ತೆ ಏರಿಸಿದರು.

ಆ ಸಲದ ಅಡ್ಡಮಳೆ ವಿಚಿತ್ರವಾಗಿತ್ತು. ಮಧ್ಯಾಹ್ನವಾದರೆ ಪಡುವಣದಿಂದ ಕಪ್ಪು ಮೋಡ ಎದ್ದು ಕಾಡಿನ ಮೇಲೆ ಬಂದು ನಿಲ್ಲುವುದು, ಗಾಳಿ ಪೂರ್ತಿ ನಿಲ್ಲುವುದು, ಸತ್ತ ಬಿದಿರುಗಳು ಒಂದಕ್ಕೊಂದು ತಾಗಿ ಕಟಕಟ ಅನ್ನುವುದು. ನಾಲ್ಕು ಹನಿ ಬಿದ್ದು ಮೋಡ ಹಾಗೇ ಹೋಗುವುದು. ಬೀಳುವ ಮಳೆ ಬಿದ್ದರೆ ಮನಸ್ಸು ಹಗುರಾಗುತ್ತದೆ. ಅದು ಬೀಳಲಿಲ್ಲ, ದಿನವೂ ಬಂದು ನೋಡಿಕೊಂಡು ಹೋಯಿತು. ಇಲಿಗಳು ಇದ್ದಕ್ಕಿದ್ದಂತೆ ಕಾಣದಾದವು. ಎಲ್ಲಿ ಹೋದವೋ ಯಾರಿಗೂ ತಿಳಿಯಲಿಲ್ಲ. ತುಕಾರಾಮ ಗುನುಗುವುದನ್ನು ಬಿಟ್ಟಿದ್ದ. ಒಮ್ಮೆ ಕೇಳಿದೆ, "ಯಾಕ?" ಅಂತ. "ಅಂಜಿಕಿ ಅಲ್ಲೋ ಗಡ್ಯಾ. ಯಾರೋ ಕಿವಿಗೊಟ್ಟು ಕೇಳಾಕತ್ತಂಗ ಆಗತೈತಿ," ಎಂದ.

ಮಿರಗಕ್ಕೆ ಇನ್ನು ಕೆಲವೇ ದಿನ ಇರುವಾಗ ಕೆಲಸ ಮುಗಿಯಿತು. ಕೂಲಿಯವರು ಗುಡಿಸಲು ಬಿಚ್ಚಿ, ಗಂಟು ಕಟ್ಟಿ, ಊರಿಗೆ ಹೋಗಲು ಸಜ್ಜಾದರು. ಗುಡಿಸಲುಗಳ ಹತ್ತಿರ ತಂದು ಒಟ್ಟಿದ್ದ ಕೊನೆಯ ಖೇಪಿನ ಬಿದಿರು ಉಳಿದಿತ್ತು. ನಸುಕಿನಲ್ಲೇ ಒಂದು ಜೋರು ಮಳೆ ಬಂದು ನಿಂತಿತ್ತು. ಕೆಂಪು ಮಣ್ಣು ಸಾಬೂನಿನಂತಾಗಿತ್ತು. ಪಡುವಣದಲ್ಲಿ ಮತ್ತೆ ಕಪ್ಪಾಗುತ್ತಿತ್ತು.

ಬಿಸಿಲು ಬರುವ ಹೊತ್ತಿಗೆ ನಾನು ಲಾರಿಯ ಹತ್ತಿರ ಬಂದಾಗ ಉಳಿದ ಬಿದಿರನ್ನೆಲ್ಲ ಒಂದೇ ಖೇಪಿಗೆ ಹೇರಿ ಆಗಿತ್ತು. ಅಷ್ಟು ಎತ್ತರ ನಾನು ಹಿಂದೆಂದೂ ನೋಡಿರಲಿಲ್ಲ. ಅದರ ಮೇಲೆ ಕೂಲಿಯವರು ಗಂಟು ಸಮೇತ ಹತ್ತಿ ಕುಳಿತಿದ್ದರು. ಗಂಡಸರು, ಹೆಂಗಸರು, ಮಡಿಲಲ್ಲಿ ಮಕ್ಕಳು. ನೀಲವ್ವ ಒಬ್ಬಳು ಮಾತ್ರ ತಲೆಯ ಮೇಲೆ ಗಂಟು ಹೊತ್ತು ಕೆಳಗೆ ನಿಂತಿದ್ದಳು.

"ಮಾಲಕ್ರ, ಎರಡು ಖೇಪು ಮಾಡೂಣು," ಎಂದೆ.

"ಎರಡನೇದು ಬರೂದ್ರೊಳಗ ದಾರಿ ಇರೂದಿಲ್ಲ. ಮ್ಯಾಲೆ ನೋಡು ಒಂಚೂರು."

"ಹಂಗಾದ್ರ ಅರ್ಧ ಬಿದರು ಬಿಟ್ಟು ಹೋಗೂಣು."

"ಇಡೀ ಬ್ಯಾಸಗಿ ಕಡದದ್ದು ಫಕೀರಪ್ಪಾ. ಕೊಳೀಲಿ ಅಂತ ಬಿಟ್ಟು ಹೋಗ್ಲೇನು? ನಾನೂ ನಿನ್ನ ಬಾಜೂಕs ಕುಂದರ್ತೇನಿ. ನನ್ನ ಜೀವಾ ಜೀವ ಅಲ್ಲೇನು?"

"ನಾ ಹೊಡಿಯೂದಿಲ್ರಿ. ನನ್ನ ಕೈ ಬರೂದಿಲ್ಲ," ಎಂದು ಬೀಗದಕೈಯನ್ನು ಅವರ ಕೈಗೆ ಕೊಟ್ಟೆ.

ತುಕಾರಾಮನ ಗಾಡಿ ಆವತ್ತು ದಾಂಡೇಲಿಯಲ್ಲಿ ರಿಪೇರಿಗೆ ನಿಂತಿತ್ತು. ಅವನು ತನ್ನ ಸಾಮಾನು ಒಯ್ಯಲು ಕುಂಬಾರವಾಡಕ್ಕೆ ಬಂದಿದ್ದ. ಮಾಲಕರು ಬೀಗದಕೈಯನ್ನು ಅವನ ಮುಂದೆ ಹಿಡಿದರು. ಅವನು ನನ್ನ ಮುಖ ನೋಡಿದ. ನಾನು ಬೇಡ ಎಂದು ತಲೆಯಲ್ಲಾಡಿಸಿದೆ. ಅವನು ಲಾರಿಯ ಸುತ್ತ ಒಂದು ಸುತ್ತು ಬಂದ. ಮಗ್ಗುಲಿಗೆ ನಿಂತು ಎರಡೂ ಕೈಯಿಂದ ಹಲಗೆಯನ್ನು ದೂಡಿದ. ಮೇಲಿನ ಹೇರು ಅತ್ತ ಹೋಗಿ ಇತ್ತ ಬಂತು. ಮೇಲೆ ಕುಳಿತಿದ್ದ ಮಗುವೊಂದು ಉಯ್ಯಾಲೆ ಎಂದು ಕೇಕೆ ಹಾಕಿತು.

ತುಕಾರಾಮ ಮೇಲೆ ನೋಡಿ, "ಎಲ್ಲಾರೂ ಕೆಳಗ ಇಳೀರಿ," ಎಂದ.

ಯಾರೂ ಅಲುಗಲಿಲ್ಲ. "ಮಳಿ ಬರಾಕತ್ತೈತಿ, ಗಂಟು ಹೊತ್ತು ನಡ್ಯಾಕ ಆಗತೈತೇನೋ?" ಎಂದು ನೀಲವ್ವನ ಅಣ್ಣನೇ ಮೇಲಿನಿಂದ ಕೇಳಿದ. ಮಾಲಕರೂ, "ಕುಂತಿರಲಿ ಬಿಡೋ, ಪಾಪ," ಎಂದರು. ತುಕಾರಾಮ ಜಗಳ ಮಾಡಲಿಲ್ಲ. ಬಾಗಿಲ ಕೆಳಗಿನ ಮೆಟ್ಟಿಲ ಮೇಲೆ ಕುಳಿತು ಬೀಡಿ ಹಚ್ಚಿದ. "ನನಗ ಅವಸರಿಲ್ಲ. ನೀವು ಇಳದ ಮ್ಯಾಲೆ ಗಾಡಿ ಚಾಲೂ ಮಾಡ್ತೇನಿ," ಎಂದ. ಬೀಡಿ ಮುಗಿಯಿತು, ಇನ್ನೊಂದು ಹಚ್ಚಿದ. ಮೊದಲು ಹೆಂಗಸರು ಗೊಣಗುತ್ತ ಮಕ್ಕಳನ್ನು ಇಳಿಸಿಕೊಂಡರು, ಆಮೇಲೆ ಗಂಡಸರು. ಕೊನೆಯವನು ಇಳಿದ ಮೇಲೆ ತುಕಾರಾಮ ಎದ್ದು ನಿಂತ.

ನಾನು ಅವನ ತೋಳು ಹಿಡಿದೆ. "ನೀನೂ ಬ್ಯಾಡೋ."

"ಯಾರರ ಒಯ್ಯಾಕs ಬೇಕಲ್ಲೋ ಗಡ್ಯಾ. ಬರೇ ಬಿದರು. ಸಾವಕಾಶ ಹೋಗ್ತೇನಿ. ಡಿಪೋದಾಗ ಚಹಾ ಹೇಳಿರ್ತೇನಿ, ನಡಕೊಂತ ಬಾ," ಎಂದು ಹತ್ತಿದ. ಮಾಲಕರು ಆಚೆ ಬದಿಯಿಂದ ಹತ್ತಿದರು.

ನಾವೆಲ್ಲ ಹಿಂದಿನಿಂದ ನಡೆದೆವು. ಮುಂದೆ ಲಾರಿಯ ಸಪ್ಪಳ ಬಹಳ ಹೊತ್ತು ಕೇಳುತ್ತಿತ್ತು. ಮೊದಲಾದರೆ ಅದು ಹೋಗುವಾಗ ಹಲಗೆ, ಸರಪಳಿ, ಬಾಗಿಲು ಎಲ್ಲ ಧಡಧಡ ಬಡಿದುಕೊಳ್ಳುತ್ತಿದ್ದವು. ಈಗ ಇಂಜಿನ್ನಿನ ದನಿಯೊಂದೇ. ನೀಲವ್ವ ನನ್ನ ಮುಂದೆ ನಡೆಯುತ್ತಿದ್ದಳು. ಜಾರುವ ಕಡೆ ಕಾಲಿನ ಬೆರಳು ಊರಿ ಊರಿ ನಡೆಯುತ್ತಿದ್ದಳು. ಸೂಪಾದ ಕಡೆಗೆ ಇಳಿಯುವಲ್ಲಿ, ಗುಡ್ಡದ ಮಗ್ಗುಲು ಹಿಡಿದು ದಾರಿ ಎಡಕ್ಕೆ ತಿರುಗುವ ಒಂದು ಜಾಗ ಇತ್ತು. ಬಲಕ್ಕೆ ಹಳ್ಳ. ಆ ದಾರಿಯೂ ಸೂಪಾ ಊರೂ ಈಗ ಅಣೆಕಟ್ಟಿನ ನೀರಿನ ಅಡಿಗೆ ಹೋಗಿವೆ. ಆ ಇಳಿಜಾರಿಗೆ ಇನ್ನೂ ದೂರ ಇರುವಾಗ, ತುಂಬ ಮುಂದೆ ಕೇಳುತ್ತಿದ್ದ ಇಂಜಿನ್ನಿನ ದನಿ ನಿಂತಿತು.

"ಸಪಾಟಿಗೆ ಹತ್ತಿತು ಕಾಣಸ್ತೈತಿ," ಎಂದ ನೀಲವ್ವನ ಅಣ್ಣ.

ಸಪಾಟಿಗೆ ಹತ್ತಿದರೆ ದನಿ ಸಣ್ಣದಾಗುತ್ತ ಹೋಗಬೇಕು, ಕಡಿದಂತೆ ನಿಲ್ಲಬಾರದು. ನನಗೆ ಗೊತ್ತಿತ್ತು. ನೀಲವ್ವನಿಗೂ ಗೊತ್ತಾಯಿತು. ಅವಳು ತಲೆಯ ಮೇಲಿನ ಗಂಟನ್ನು ದಾರಿಯ ಬದಿಗಿಟ್ಟು ನನ್ನ ಕಡೆ ತಿರುಗಿ, "ಓಡಣ್ಣಾ," ಎಂದಳು.

ಓಡಿದೆ. ಬೇರೆಯವರೂ ಓಡಿದರು. ತಿರುವಿನಲ್ಲಿ ಬಿದಿರು ದಾರಿಯ ತುಂಬ ಚೆಲ್ಲಿತ್ತು. ಲಾರಿ ಹಳ್ಳದ ಕಡೆಗೆ ಹೊರಳಿ, ಬಲ ಮಗ್ಗುಲಾಗಿ ಬಿದ್ದಿತ್ತು. ಮಾಲಕರು ಒಂದು ಕಲ್ಲಿಗೆ ಒರಗಿ ಕುಳಿತಿದ್ದರು. ಎಡಗೈ ಮುರಿದು ಜೋತಾಡುತ್ತಿತ್ತು. ನನ್ನನ್ನು ನೋಡಿದವರೇ, ಏನೋ ಬಹಳ ಆಶ್ಚರ್ಯದ ಸಂಗತಿ ಹೇಳುವವರಂತೆ ಹೇಳಿದರು: "ಬಡಿಯಲಿಲ್ಲೋ ಫಕೀರಪ್ಪಾ. ಏನೂ ಸಪ್ಪಳ ಆಗಲಿಲ್ಲ. ಹಗೂರಕ ವಾಲ್ತು. ಹೊಳ್ಳಿ ಬರತೈತಿ ಅಂತ ಇಬ್ಬರೂ ಸುಮ್ಮನ ಕುಂತಿದ್ವಿ."

ತುಕಾರಾಮ ಲಾರಿಯ ಅಡಿಗೆ ಇದ್ದ. ಎದೆಯವರೆಗೂ ಒಳಗೆ. ಕೈ ಹಿಡಿದು ನೋಡಿದೆ. ಬಿಸಿ ಇತ್ತು, ನಾಡಿ ಇರಲಿಲ್ಲ. ನಾವು ಅಷ್ಟು ಜನ ಭುಜ ಕೊಟ್ಟರೂ ಗಾಡಿ ಅಲುಗಲಿಲ್ಲ. ಹತ್ತಿರದಲ್ಲಿ ಮರ ಕಡಿಯುತ್ತಿದ್ದ ಕೂಪಿನಲ್ಲಿ ಸಾಗವಾನಿ ದಿಮ್ಮಿ ಎಳೆಯುವ ಆನೆ ಇತ್ತು. ಅದನ್ನು ಕರೆಸಿದರು. ಮಾವುತ ಹೇಳಿದಂತೆ ಅದು ಹಣೆಯನ್ನು ಲಾರಿಯ ಮಗ್ಗುಲಿಗೆ ಒತ್ತಿ, ಒಂದು ಮೊಳದಷ್ಟು ಎತ್ತಿ ಹಿಡಿದು ನಿಂತಿತು. ನಾನೂ ನೀಲವ್ವನ ಅಣ್ಣನೂ ಕೆಳಗೆ ನುಸುಳಿ ತುಕಾರಾಮನನ್ನು ಹೊರಗೆ ತಂದೆವು. ಅಷ್ಟು ಹೊತ್ತೂ ಆನೆ ಕಾಲು ಕದಲಿಸಲಿಲ್ಲ. ಮಳೆ ಆಗ ಶುರುವಾಯಿತು. ಈ ಸಲ ನಿಲ್ಲಲಿಲ್ಲ.

ಸೂಪಾದ ಪೊಲೀಸ್ ಫೌಜದಾರರು ಬಂದು ನೋಡಿದರು. ದಾಂಡೇಲಿಯ ಆಸ್ಪತ್ರೆಯಲ್ಲಿ ಮಾಡುವುದನ್ನೆಲ್ಲ ಮಾಡಿ, ಮರುದಿನ ಹೆಣ ಕೊಟ್ಟರು. ಬೇರೊಬ್ಬ ಗುತ್ತಿಗೆದಾರರು ತಮ್ಮ ಲಾರಿ ಕೊಟ್ಟರು. ಮಾಲಕರಿಗೆ ಜ್ವರ ಬಂದು ಆಸ್ಪತ್ರೆಯಲ್ಲೇ ಮಲಗಿದ್ದರು. ತುಕಾರಾಮನನ್ನು ಊರಿಗೆ ಒಯ್ಯುವುದು ನನ್ನ ಪಾಲಿಗೆ ಬಂತು. ಮುಂಡಗೋಡದ ಕೂಲಿಯವರೂ ಹಳಿಯಾಳದ ದಾರಿಯಲ್ಲೇ ಹೋಗಬೇಕಿತ್ತು. ಯಾರೂ ಕರೆಯದೆ ಅವರೆಲ್ಲ ಹಿಂದೆ ಹತ್ತಿ ಅವನ ಸುತ್ತ ಕುಳಿತರು. ನೀಲವ್ವನೂ ಹತ್ತಿದಳು. ನಾನು ಕೈಕೊಡಲು ಹೋದೆ, ಅವಳೇ ಹಲಗೆ ಹಿಡಿದು ಹತ್ತಿದಳು.

ತೇರಗಾಂವ ಮುಟ್ಟಿದಾಗ ಮಳೆ ಹೊಳವಾಗಿತ್ತು. ಲಾರಿ ಹೊರಳಿತೆಂಬ ಸುದ್ದಿ ಮೊದಲೇ ಮುಟ್ಟಿತ್ತು. ಮನೆಯ ಮುಂದೆ ಮಂದಿ ಕೂಡಿದ್ದರು. ತುಕಾರಾಮನ ಅಪ್ಪ ಬರಿಗಾಲಲ್ಲಿ, ಹೊಲದಿಂದ ಹಾಗೇ ಬಂದಂತೆ ಮೊಳಕಾಲವರೆಗೂ ಕೆಸರು ಮೆತ್ತಿಕೊಂಡು ನಿಂತಿದ್ದರು. ಓಣಿಯವರು ಹೆಣ ಇಳಿಸಲು ಮುಂದೆ ಬಂದಾಗ ಅವರು ಕೈ ಎತ್ತಿ ತಡೆದರು. ನನ್ನ ಹತ್ತಿರ ಬಂದರು.

"ಗಾಡಿ ಯಾರ ಕೈಯಾಗಿತ್ತು?"

"ತುಕಾರಾಮನ ಕೈಯಾಗಿತ್ತು ಕಾಕಾ."

"ಮ್ಯಾಲೆ ಮಂದಿ ಇದ್ರೇನು?"

"ಇರಲಿಲ್ಲ. ಹತ್ತಿದವ್ರನ್ನೆಲ್ಲಾ ಅವನs ಇಳಿಸಿದ್ದ. ಇಳಿಯೂತನಕಾ ಗಾಡಿ ಚಾಲೂ ಮಾಡಲಿಲ್ಲ."

ಅವರು ನನ್ನನ್ನು ನಂಬಲಿಲ್ಲ. ಗೆಳೆಯ, ಮುದುಕನ ಸಮಾಧಾನಕ್ಕೆ ಹೇಳುತ್ತಿದ್ದಾನೆ ಅಂದುಕೊಂಡರೇನೋ. "ಖರೇ ಹೇಳು ತಮ್ಮಾ. ಎಷ್ಟು ಮಂದಿ ಹೋದ್ರು?" ಎಂದು ಮತ್ತೆ ಕೇಳಿದರು.

ಆಗ ನೀಲವ್ವ ಲಾರಿಯಿಂದ ಇಳಿದಳು. ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡು ಅವರ ಮುಂದೆ ಬಂದು ನಿಂತಳು. "ನಾವs ರೀ ಯಪ್ಪಾ ಅವ್ರು. ಎಲ್ಲಾರೂ ಇಲ್ಲೇ ಅದೀವಿ, ನೋಡ್ರಿ," ಎಂದಳು.

ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಇಳಿದು, ಗಂಟು ಕೆಳಗಿಟ್ಟು, ಮಕ್ಕಳನ್ನು ಎತ್ತಿಕೊಂಡು ನಿಂತರು. ಆ ಮುದುಕರು ಅವಸರ ಮಾಡಲಿಲ್ಲ. ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದರು. ಹೆಗಲ ಮೇಲೆ ನಿದ್ದೆ ಹೋಗಿದ್ದ ಒಂದು ಮಗುವಿನ ಮುಖವನ್ನು ಬಾಗಿ ನೋಡಿದರು.

ಆಮೇಲೆ ಲಾರಿಯ ಹತ್ತಿರ ಹೋಗಿ, ಮಗನ ಮುಖದ ಮೇಲಿದ್ದ ಬಟ್ಟೆ ಸರಿಸಿದರು.